ಎಡಗಡೆಯ ಹನ್ನೊಂದು ಎಲೆ

ಬೆಳಕು ಹರಿಯುವ ಮುಂಚೆ ಕಾಜಾ ಅಕ್ಕ ಮುಗಿಸಬೇಕಾದ ಕೆಲಸಗಳು ಇಷ್ಟು. ನಲ್ಲಿ ನಿಲ್ಲುವುದರೊಳಗೆ ಎರಡು ಡ್ರಮ್ಮು, ನಾಲ್ಕು ಬಕೆಟ್ಟು ತುಂಬಿಸಬೇಕು. ಅತ್ತೆಯನ್ನು ಎಬ್ಬಿಸಿ ಬಚ್ಚಲಿಗೆ ಕರೆದೊಯ್ದು, ವಾಪಸು ತಂದು ಮಂಚದಲ್ಲಿ ಕೂರಿಸಿ ಬೆನ್ನಿಗೆ ದಿಂಬು ಕೊಡಬೇಕು. ಆ ದಿಂಬು ಸರಿಹೋಗುವವರೆಗೆ ಮೂರು ಸಾರಿ ತೆಗೆದು ಇಡಬೇಕು. ಹಾಲು ಕಾಯಿಸಬೇಕು, ಉಕ್ಕದ ಹಾಗೆ ಪಕ್ಕದಲ್ಲೇ ನಿಲ್ಲಬೇಕು, ಸುಮ್ಮನೆ ಯಾಕೆ ನಿಲ್ಲುವುದೆಂದು ನಿಂತಲ್ಲೇ ತರಕಾರಿ ಹೆಚ್ಚಬೇಕು. ಗಂಡ ಕಾರ್ಖಾನೆಗೆ ಹೊರಡುವುದು ಆರೂವರೆಗೆ, ಅವನ ಡಬ್ಬಿ. ಮಗಳು ಕಾಲೇಜಿಗೆ ಹೊರಡುವುದು ಎಂಟಕ್ಕೆ, ಅವಳ ಡಬ್ಬಿ. ರಾತ್ರಿ ನೆನೆಹಾಕಿದ ಬಟ್ಟೆ ಹಿಂಡಿ ಹರವಬೇಕು. ಹರವುವಾಗ ಗಂಡನ ಅಂಗಿಯಲ್ಲಿ ಗುಂಡಿ ಇಲ್ಲದ್ದು ಕಾಣುತ್ತದೆ, ಅದನ್ನೂ ಹಾಕಬೇಕು. ಇಷ್ಟನ್ನೂ ಐದು ಗಂಟೆಗೆ ಮುಗಿಸಿದರೆ ಮುಕ್ಕಾಲು ಗಂಟೆ ಅವಳ ಪಾಲಿಗೆ ಉಳಿಯುತ್ತದೆ. ಆಗ ಅವಳು ಅಡುಗೆಮನೆಯ ದೀಪದ ಕೆಳಗೆ ಚಾಪೆ ಹಾಸಿಕೊಂಡು ಬೇರೆಯವರ ಬಟ್ಟೆ ಮಡಿಲಿಗೆ ಎಳೆದುಕೊಳ್ಳುತ್ತಾಳೆ.

"ಕೂತ್ಕೊಂಡು ಮಾಡೋ ಕೆಲಸ, ಪುಣ್ಯವಂತೆ ನೀನು," ಎನ್ನುತ್ತಾನೆ ಗಂಡ. ಅವನು ಕೆಟ್ಟವನಲ್ಲ. ಆದರೆ ಅವಳು ಕೂರುವುದನ್ನು ಬಿಟ್ಟು ಮತ್ತೇನನ್ನೂ ಅವನು ನೋಡಿದವನಲ್ಲ.

ಅವಳಿಗೆ ಕಾಜಾ ಅಕ್ಕ ಎಂದು ಹೆಸರಿಟ್ಟವನು ಹೊಲಿಗೆ ಅಂಗಡಿಯ ಮಾಸ್ಟರ್. ಯಂತ್ರದ ಕೆಲಸವೆಲ್ಲ ಅವನದು, ಕೈಕೆಲಸವೆಲ್ಲ ಇವಳದು. ಗುಂಡಿ ತೂರುವ ಕಾಜಾ ಕಟ್ಟುವುದು, ಹುಕ್ಕು ಹಾಕುವುದು, ಅಂಚು ಮಡಿಚಿ ಹೊಲಿಯುವುದು, ಇಣುಕುವ ನೂಲು ಕತ್ತರಿಸುವುದು, ಇಸ್ತ್ರಿ. ಇದರ ಜೊತೆಗೆ ಇನ್ನೊಂದು ಕೆಲಸ ತಾನಾಗಿ ಬಂದು ಅಂಟಿಕೊಂಡಿತ್ತು. ಹುರುಪಿನಲ್ಲಿ ಕಸೂತಿ ಶುರುಮಾಡಿ ಅರ್ಧಕ್ಕೆ ಕೈಬಿಟ್ಟವರು ಅದನ್ನು ತಂದು ಇವಳ ಮುಂದೆ ಇಡುತ್ತಿದ್ದರು. ಬಸುರಿನಲ್ಲಿ ಶುರುಮಾಡಿ ಹೆತ್ತ ಮೇಲೆ ಮೂಲೆಗೆ ಎಸೆದ ಕುಲಾವಿ, ಮೂರು ಹೂವಾಗುವಷ್ಟರಲ್ಲಿ ಬೇಸರ ಬಂದ ಫ್ರಾಕು, ಪರೀಕ್ಷೆ ಬಂತೆಂದು ನಿಂತ ದುಪಟ್ಟಾ. ಕಾಜಾ ಅಕ್ಕ ಅವನ್ನು ಮುಗಿಸಿಕೊಡುತ್ತಿದ್ದಳು. ಹಳೇ ಕೈ ಎಲ್ಲಿ ನಿಂತಿತು, ಹೊಸ ಕೈ ಎಲ್ಲಿ ಶುರುವಾಯಿತು ಎಂದು ಕನ್ನಡಕ ಹಾಕಿಕೊಂಡು ಹುಡುಕಿದರೂ ಗೊತ್ತಾಗುತ್ತಿರಲಿಲ್ಲ.

"ಈ ಊರಲ್ಲಿ ಶುರು ಮಾಡೋರಿಗೇನು ಬರ ಇಲ್ಲ. ಅವರೆಲ್ಲರ ಋಣ ತೀರಿಸೋಕೆ ಹುಟ್ಟಿದೋಳು ಇವಳೊಬ್ಬಳು," ಎಂದು ಮಾಸ್ಟರ್ ಗಿರಾಕಿಗಳ ಮುಂದೆ ನಗುತ್ತಿದ್ದ. ಅವಳಿಗೂ ಅದು ಹಿತವಾಗುತ್ತಿತ್ತು. ಮನೆಯಲ್ಲಿ ತೊಳೆದಿಟ್ಟ ಪಾತ್ರೆಯನ್ನು ಯಾರೂ ಹೊಗಳುವುದಿಲ್ಲ. ತೊಳೆಯದ ಪಾತ್ರೆ ಮಾತ್ರ ಎಲ್ಲರ ಕಣ್ಣಿಗೂ ಬೀಳುತ್ತದೆ. ಅಂಗಡಿಯಲ್ಲಿ ಹಾಗಿರಲಿಲ್ಲ.

ಆ ಅಂಗಿಯನ್ನು ತಂದವಳು ರೈಲು ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಕೂರುವ ಹೆಂಗಸು. ಟಿಕೆಟ್ ಮೇಡಂ ಎಂದೇ ಎಲ್ಲರೂ ಕರೆಯುವುದು. ನಲವತ್ತರ ಆಸುಪಾಸು, ಒಂಟಿ, ಕೌಂಟರಿನಲ್ಲಿ ಕೂತೂ ಕೂತೂ ಒಂದೇ ಉಸಿರಿಗೆ ಮಾತು ಮುಗಿಸುವ ಅಭ್ಯಾಸ. ಬೂದು ಬಣ್ಣದ ಹತ್ತಿ ಅಂಗಿ, ಅವಳು ಡ್ಯೂಟಿಗೆ ಹಾಕುವಂಥದ್ದೇ. ಮುಂಭಾಗದಲ್ಲಿ ಗುಂಡಿಪಟ್ಟಿಯ ಎಡಗಡೆ ಮೇಲಿಂದ ಕೆಳಗೆ ಹಸಿರು ದಾರದಲ್ಲಿ ಒಂದು ಬಳ್ಳಿ, ಅದಕ್ಕೆ ಹನ್ನೊಂದು ಎಲೆ. ಬಲಗಡೆ ಖಾಲಿ.

"ಇದು ನಮ್ಮಮ್ಮ ಹಾಕಿದ್ದು. ಬಲಗಡೆ ಶುರು ಮಾಡೋಕ್ಮುಂಚೆ ಹೋಗ್ಬಿಟ್ರು. ಈಗ ಮೂರು ತಿಂಗಳಾಯ್ತು."

ಮಾಸ್ಟರ್ ನಾಲಿಗೆ ಲೊಚಗುಟ್ಟಿದ. ಕಾಜಾ ಅಕ್ಕ ಅಂಗಿಯನ್ನು ಬೆಳಕಿಗೆ ಹಿಡಿದಳು. ಎಲೆಗಳು ಒಂದೊಂದು ಒಂದೊಂದು ದಿಕ್ಕಿಗೆ ನೋಡುತ್ತಿದ್ದವು. ಕೆಲವು ಹೊಲಿಗೆ ಬಿಗಿದು ಬಟ್ಟೆ ಸುಕ್ಕುಗಟ್ಟಿತ್ತು, ಕೆಲವು ಸಡಿಲವಾಗಿ ಜೋತುಬಿದ್ದಿದ್ದವು. ಏಳನೆಯ ಎಲೆಯಂತೂ ನೀಲಿ. ಹಸಿರು ದಾರ ಮುಗಿದಿತ್ತೋ ಏನೋ, ಗುಂಡಿ ಹಾಕುವ ನೀಲಿ ನೂಲಿನಲ್ಲೇ ಮುಂದುವರಿಸಿದ್ದರು.

"ನೋಡ್ಬೇಡಿ, ನನಗೆ ಗೊತ್ತು," ಎಂದು ಟಿಕೆಟ್ ಮೇಡಂ ನಕ್ಕಳು. "ನಲವತ್ತು ವರ್ಷ ಹಾಸ್ಟೆಲ್ಲಲ್ಲಿ ಅಡುಗೆ ಮಾಡಿದ ಕೈ ಅದು. ಜನ್ಮದಲ್ಲಿ ಒಂದು ಗುಂಡಿ ಹಾಕಿದವರಲ್ಲ. ಮಲಗಿದಲ್ಲೇ ಬೇಜಾರಾಗಿ, ಸೂಜಿ ಕೊಡೇ, ಕೈ ಸುಮ್ನಿದ್ರೆ ಹುಚ್ಚು ಹಿಡಿಯುತ್ತೆ ಅಂದ್ರು. ನಾನು ತಮಾಷೆ ಮಾಡಿದೆ. ಏನಮ್ಮಾ ಇದು, ಎಲೆನೋ ಕಾಗೆ ಕಾಲೋ ಅಂದೆ. ನಕ್ಕು ಮತ್ತೆ ಸೂಜಿಗೆ ದಾರ ಪೋಣಿಸಿದ್ರು." ಅವಳು ಗುಂಡಿಪಟ್ಟಿಯ ಎಡಗಡೆ ಅಂಗೈ ಇಟ್ಟಳು. "ಎಡಗಡೆ ಮುಟ್ಟಬೇಡಿ ಅಕ್ಕಾ. ಸೊಟ್ಟ ಇದ್ರೆ ಇರ್ಲಿ. ಬಲಗಡೆ ಮಾತ್ರ ಮುಗಿಸಿಕೊಡಿ."

"ಹೂಂ," ಎಂದಳು ಕಾಜಾ ಅಕ್ಕ. ಅದನ್ನು ಅವಳು ಕಿವಿಯಾರೆ ಕೇಳಿ, ಬಾಯಾರೆ ಒಪ್ಪಿಕೊಂಡಿದ್ದಳು. ಮುಂದೆ ಎಷ್ಟು ದಿನ ಹೊರಳಾಡಿದರೂ ಇದೊಂದನ್ನು ಮಾತ್ರ ಅವಳಿಗೆ ಮರೆಯಲಾಗಲಿಲ್ಲ.

ಬಲಗಡೆಯ ಕೆಲಸ ಎರಡು ಬೆಳಗಿನಲ್ಲಿ ಮುಗಿಯಿತು. ಬಳ್ಳಿ, ಹನ್ನೊಂದು ಎಲೆ, ನವಿರಾಗಿ, ಸಮನಾಗಿ. ಮೂರನೆಯ ಬೆಳಗ್ಗೆ ಅಂಗಿಯನ್ನು ಮೊಣಕಾಲ ಮೇಲೆ ಹರಡಿಕೊಂಡು ನೋಡಿದಳು. ಎರಡು ಬದಿಯೂ ಒಟ್ಟಿಗೆ ಕಂಡಾಗ ಎಡಗಡೆ ಇನ್ನೂ ಕೆಟ್ಟದಾಗಿತ್ತು. ಮೇಲಿನ ಎಲೆಯಲ್ಲಿ ಒಂದು ಹೊಲಿಗೆ ಜೋತುಬಿದ್ದಿತ್ತು, ಗುಂಡಿ ಹಾಕುವಾಗ ಉಗುರಿಗೆ ಸಿಕ್ಕಿ ಕಿತ್ತುಬರುವಂತಿತ್ತು. ಅದೊಂದನ್ನು ಬಿಗಿ ಮಾಡಿದರೆ ತಪ್ಪೇನು, ನಾಳೆ ಕಿತ್ತುಬಂದರೆ ಆ ಹೆಂಗಸಿಗೇ ತಾನೇ ಸಂಕಟ ಅನಿಸಿತು. ದಾರ ಸುತ್ತಿದ ಅರ್ಧ ಬ್ಲೇಡು ಕೈಗೆ ಬಂತು. ಒಂದು ಹೊಲಿಗೆ ಬಿಚ್ಚಲು ಹೋದರೆ ಆ ಎಲೆಯೇ ಬಿಚ್ಚಿಕೊಂಡಿತು. ಸರಿ, ಅದನ್ನು ಹೊಸದಾಗಿ ಹಾಕಿದಳು. ಹಾಕಿದ ಮೇಲೆ ಪಕ್ಕದ ಎಲೆ ಕಣ್ಣಿಗೆ ಚುಚ್ಚತೊಡಗಿತು. ನಿನ್ನೆಯವರೆಗೆ ಅಷ್ಟು ಚುಚ್ಚಿರಲಿಲ್ಲ. ಅದನ್ನೂ ಬಿಚ್ಚಿದಳು. ಆಮೇಲೆ ಮೂರನೆಯದು.

ಕೋಣೆಯೊಳಗಿನಿಂದ ಅತ್ತೆಯ ಧ್ವನಿ ಬಂತು. ಅತ್ತೆಗೆ ಕಣ್ಣು ಮಂಜಾಗಿ ಐದು ವರ್ಷವಾಗಿದ್ದರೂ ಕಿವಿ ಮಾತ್ರ ಪೊಲೀಸರ ಕಿವಿ.

"ಏನೇ ಬಿಚ್ಚುತ್ತಿದ್ದೀಯ? ಪಟ್ ಪಟ್ ಅಂತಿದೆ."

"ಏನಿಲ್ಲ ಅತ್ತೆ, ಸೊಟ್ಟ ಹೊಲಿಗೆ."

"ಬಿಚ್ಚು, ಬಿಚ್ಚು. ಬಿಚ್ಚದೆ ಕೈ ತಿದ್ದಲ್ಲ."

ಅತ್ತೆಯೇ ಅವಳ ಮೊದಲ ಮಾಸ್ಟರು. ಮದುವೆಯಾಗಿ ಬಂದ ಹೊಸತರಲ್ಲಿ ದಿಂಬಿನ ಚೀಲದ ಅಂಚು ಹೊಲಿದು ತೋರಿಸಿದರೆ, "ಇದೇನು ಹೊಲಿಗೆನಾ, ಕೋಳಿ ಕೆರೆದ ನೆಲನಾ?" ಎಂದು ಇಡೀ ಅಂಚನ್ನು ಸರ್ರನೆ ಕಿತ್ತು ಮಡಿಲಿಗೆ ಎಸೆಯುತ್ತಿದ್ದರು. ಆರು ಸಾರಿ, ಏಳು ಸಾರಿ. ಅಳುತ್ತ ಅಳುತ್ತಲೇ ಅವಳ ಕೈ ನೆಟ್ಟಗಾಯಿತು. ಆಮೇಲೆ ಸೊಟ್ಟ ಹೊಲಿಗೆ ಕಂಡರೆ ಅವಳಿಗೇ ಮೈ ಉರಿಯತೊಡಗಿತು, ಯಾರದೋ ಬೈಗುಳ ಕೇಳಿದ ಹಾಗೆ. ಅಂದು ಬೆಳಗ್ಗೆಯೂ ಹಾಗೇ ಆಯಿತು. ಹಸಿರು ತುಂಡುಗಳು ಚಾಪೆಯ ಮೇಲೆ ಉದುರುತ್ತ ಹೋದವು, ನಡುವೆ ನಾಲ್ಕಾರು ನೀಲಿ. ಗಿರಾಕಿಗಳು ಬಾಯಲ್ಲಿ 'ಇದ್ದ ಹಾಗೇ ಇರಲಿ' ಅನ್ನುತ್ತಾರೆ, ಚೆಂದ ಮಾಡಿಕೊಟ್ಟರೆ ಹಿಗ್ಗುತ್ತಾರೆ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಅದು ಸುಳ್ಳೂ ಆಗಿರಲಿಲ್ಲ, ಹತ್ತಾರು ಸಾರಿ ಹಾಗೇ ಆಗಿತ್ತು.

ಹನ್ನೊಂದನೆಯ ಎಲೆಯನ್ನೂ ಬಳ್ಳಿಯನ್ನೂ ಹೊಸದಾಗಿ ಮುಗಿಸಿ ತಲೆ ಎತ್ತಿದಾಗ ಕಿಟಕಿಯಲ್ಲಿ ಬೆಳಕಿತ್ತು. ಮತ್ತೆ ಬಿಸಿಗಿಟ್ಟು ಮರೆತ ಹಾಲು ಉಕ್ಕಿ ಒಲೆಯೆಲ್ಲ ಸುರಿದಿತ್ತು. ಎಡ ಬಲ ಎರಡೂ ಕನ್ನಡಿ ಹಿಡಿದಂತೆ ಒಂದೇ. ಅವಳಿಗೆ ಎಂಥ ಸಂತೋಷವಾಯಿತೆಂದರೆ ಒಲೆ ಒರೆಸುವಾಗಲೂ ಅಂಗಿಯ ಕಡೆಗೇ ನೋಡುತ್ತಿದ್ದಳು. ಬಟ್ಟೆಯಲ್ಲಿ ಹಳೇ ಸೂಜಿಯ ತೂತುಗಳು ಅಲ್ಲಲ್ಲಿ ಕಾಣುತ್ತಿದ್ದವು. ನೀರು ಚಿಮುಕಿಸಿ ಉಗುರಿನಿಂದ ಉಜ್ಜಿ ಬಿಸಿ ಇಸ್ತ್ರಿ ಒತ್ತಿದಳು. ಮುಚ್ಚಿಹೋದವು. ಅದೂ ಅವಳ ಕಸುಬಿನ ಜಾಣತನವೇ.

ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿಟ್ಟು, ಆರಲೆಂದು ಅಂಗಿಯನ್ನು ಕುರ್ಚಿಯ ಬೆನ್ನಿಗೆ ಹಾಕಿದಾಗ ಅದು ಹೆಗಲು ಮುಂದೆ ಮಾಡಿ ಕೂತ ಮನುಷ್ಯರ ಹಾಗೆ ಕಂಡಿತು. ಕೂಡಲೇ ಆ ಮಾತು ನೆನಪಾಯಿತು. ಎಡಗಡೆ ಮುಟ್ಟಬೇಡಿ ಅಕ್ಕಾ. ಓಡಿಹೋಗಿ ಚಾಪೆ ನೋಡಿದಳು. ಚಾಪೆ ಸುತ್ತಿ ಮೂಲೆಯಲ್ಲಿ ನಿಂತಿತ್ತು, ನೆಲ ಕನ್ನಡಿಯಂತಿತ್ತು.

"ಇಲ್ಲಿದ್ದ ದಾರ ಎಲ್ಲಿ?"

"ಗುಡಿಸಿದೆ," ಎಂದಳು ಮಗಳು, ಜಡೆ ಹಾಕಿಕೊಳ್ಳುತ್ತ. "ಎದ್ದ ತಕ್ಷಣ ಕಸ ಗುಡಿಸು, ಎಷ್ಟು ಸಾರಿ ಹೇಳ್ಬೇಕು ಅಂತ ನಿನ್ನೆ ತಾನೇ ಕೂಗಾಡಿದೆಯಲ್ಲ. ಗುಡಿಸಿದ್ರೂ ತಪ್ಪಾ?"

ಎರಡು ವರ್ಷದಿಂದ ಹೇಳುತ್ತ ಬಂದ ಮಾತನ್ನು ಮಗಳು ಕೇಳಿದ್ದು ಅದೇ ದಿನ. ಕಸದ ಗಾಡಿ ಬೀದಿ ತಿರುಗಿ ಆಗಲೇ ಹೋಗಿತ್ತು.

ಶನಿವಾರ ಟಿಕೆಟ್ ಮೇಡಂ ಅಂಗಡಿಗೆ ಬಂದಳು. ಹೇಳಿಬಿಡಬೇಕೆಂದು ಕಾಜಾ ಅಕ್ಕ ನಾಲ್ಕು ದಿನದಿಂದ ಮಾತು ಜೋಡಿಸಿಕೊಂಡಿದ್ದಳು. ಆದರೆ ಮಾಸ್ಟರ್ ಮುಂದಾಗಿ ಅಂಗಿ ಬಿಚ್ಚಿ ಮೇಜಿನ ಮೇಲೆ ಹರಡಿದ. "ನೋಡಿ ಮೇಡಂ, ಇಂಥ ಕೈಕೆಲಸ ದೊಡ್ಡ ದೊಡ್ಡ ಅಂಗಡೀಲೂ ಸಿಗಲ್ಲ."

ಟಿಕೆಟ್ ಮೇಡಂ ಬಲಗಡೆ ನೋಡಲಿಲ್ಲ. ಎಡಗಡೆಯ ಎಲೆಗಳ ಮೇಲೆ ಬೆರಳಾಡಿಸಿದಳು, ಮೇಲಿಂದ ಕೆಳಗೆ, ನಿಧಾನವಾಗಿ.

"ಅಯ್ಯೋ, ಇಷ್ಟು ಚೆನ್ನಾಗಿತ್ತಾ?" ಅವಳ ಧ್ವನಿ ತೆಳ್ಳಗಾಯಿತು. "ನಾನು ಕಾಗೆ ಕಾಲು ಅಂದುಬಿಟ್ಟೆನಲ್ಲ. ಅಮ್ಮನ ಕೈ ಎಷ್ಟು ನೀಟಾಗಿತ್ತು ನೋಡಿ. ಮೂರು ತಿಂಗಳಿಂದ ಆ ಮಾತೇ ಕೊರೀತಿತ್ತು ಅಕ್ಕಾ, ಸಾಯೋರ ಕೆಲಸಾನ ಆಡಿಕೊಂಡೆ ಅಂತ. ಇಷ್ಟು ದಿನ ಅಳ್ತಾನೇ ನೋಡಿದ್ದು, ನನ್ನ ಕಣ್ಣೇ ಸರಿ ಇರ್ಲಿಲ್ಲ."

ಕಾಜಾ ಅಕ್ಕ ಜೋಡಿಸಿಕೊಂಡ ಮಾತಿನಲ್ಲಿ ಇದಕ್ಕೆ ಜಾಗವೇ ಇರಲಿಲ್ಲ.

"ಒಂದು ಎಲೆ ನೀಲಿ ಇತ್ತಲ್ಲ?" ಟಿಕೆಟ್ ಮೇಡಂ ಬಗ್ಗಿ ಹುಡುಕಿದಳು.

"ಮಂಚದ ಹತ್ತಿರ ಯಾವ ದೀಪ ಮೇಡಂ?" ಎಂದ ಮಾಸ್ಟರ್ ತಕ್ಷಣ. ಅವನಿಗೆ ಏನೋ ವಾಸನೆ ಬಡಿದಿತ್ತು. "ಕೆಲವು ಬಲ್ಬಿಗೆ ಹಸಿರು ನೀಲಿ ಥರಾನೇ ಕಾಣುತ್ತೆ. ನಮಗೇ ಮೋಸ ಆಗುತ್ತೆ. ಅಲ್ವೇನಕ್ಕಾ?"

ಇಬ್ಬರೂ ಕಾಜಾ ಅಕ್ಕನನ್ನು ನೋಡಿದರು. ಕಾಜಾ ಅಕ್ಕ ತಲೆ ಆಡಿಸಿದಳು. ಒಂದು ಸಾರಿ ಮೇಲೆ, ಒಂದು ಸಾರಿ ಕೆಳಗೆ.

"ಇರಬಹುದು," ಎಂದಳು ಟಿಕೆಟ್ ಮೇಡಂ. ಅಲ್ಲೇ ಕನ್ನಡಿಯ ಮುಂದೆ ಅಂಗಿ ಹಾಕಿ ನೋಡಿದಳು. ತೋಳು ಒಂದಂಗುಲ ಉದ್ದವಾಗಿತ್ತು. ಅದನ್ನು ಮಡಿಚಿ ಹೊಲಿಯಲು ಬಿಟ್ಟು, "ಸೋಮವಾರ ಡ್ಯೂಟಿ ಮುಗಿಸಿ ಬರ್ತೀನಿ. ಮಂಗಳವಾರ ಅಮ್ಮನ್ನ ಹಾಕ್ಕೊಂಡು ಕೂರ್ತೀನಿ ಕೌಂಟರಲ್ಲಿ," ಎಂದು ಕಣ್ಣೊರೆಸಿಕೊಳ್ಳುತ್ತ ನಗುತ್ತ ಹೋದಳು.

ಅವಳು ಬೀದಿ ದಾಟಿದ ಮೇಲೆ ಮಾಸ್ಟರ್ ಕೇಳಿದ, "ಎಷ್ಟು ಎಲೆ ಬಿಚ್ಚಿದೆ?"

"ಎಲ್ಲಾನೂ."

ಅವನು ಅಳತೆ ಟೇಪನ್ನು ಕೊರಳಿಂದ ತೆಗೆದು ಮತ್ತೆ ಹಾಕಿಕೊಂಡ. "ಹೋಗ್ಲಿ ಬಿಡು. ಆ ಹೆಂಗಸು ನಗ್ತಾ ಹೋದ್ಲು. ಬಾಯಿ ಬಿಟ್ಟು ಅಳಿಸಿದರೆ ಯಾರಿಗೆ ಒಳ್ಳೇದು?"

ಅದೇ ಮಾತು ಅವಳನ್ನು ಭಾನುವಾರವಿಡೀ ಅರೆಯಿತು. ಹೇಳಿದರೆ ಆ ಹೆಂಗಸಿನ ಎದೆಯ ಮುಳ್ಳು ಮತ್ತೆ ಅದೇ ಜಾಗಕ್ಕೆ ಹೋಗಿ ಕೂರುತ್ತದೆ, ಕಾಗೆ ಕಾಲು ಅಂದಿದ್ದು ಕಾಗೆ ಕಾಲೇ ಆಗಿತ್ತು ಎಂದು. ಅಮ್ಮನ ಕೊನೆಯ ಕೆಲಸವೂ ಹೋಯಿತು ಎನ್ನುವುದು ಅದರ ಮೇಲಿನ ಬರೆ. ಹೇಳದಿದ್ದರೆ, ನಲವತ್ತು ವರ್ಷ ನೂರಾರು ಜನಕ್ಕೆ ಬೇಯಿಸಿ ಹಾಕಿ, ಉಗುರಿನ ಸಂದಿ ಕಪ್ಪಾಗಿ, ಬೆರಳು ನಡುಗಿ, ಆದರೂ ಹನ್ನೊಂದು ಎಲೆ ಮುಗಿಸಿದ ಒಬ್ಬ ಹೆಂಗಸು ಇಲ್ಲವಾಗುತ್ತಾಳೆ. ಅವಳ ಜಾಗದಲ್ಲಿ ಬೇರೊಬ್ಬಳು ಅಮ್ಮ ಎನಿಸಿಕೊಂಡು ಕೌಂಟರಿನಲ್ಲಿ ಕೂರುತ್ತಾಳೆ. ಆ ಬೇರೊಬ್ಬಳು ತಾನೇ. ಇದನ್ನು ಯೋಚಿಸಿದಾಗ ಕಾಜಾ ಅಕ್ಕನಿಗೆ ಕೈಯಲ್ಲಿದ್ದ ತಟ್ಟೆ ಕೆಳಗಿಡಬೇಕಾಯಿತು.

ಸಂಜೆ ಮಗಳಿಗೆ ಹೇಳಿದಳು. ಮಗಳು ಪುಸ್ತಕದಿಂದ ತಲೆ ಎತ್ತದೆ, "ಅಷ್ಟೇ ತಾನೇ? ಮತ್ತೆ ಬಿಚ್ಚಿ ಸೊಟ್ಟಸೊಟ್ಟಕ್ಕೆ ಹಾಕು. ನೀಲಿ ಎಲೆ ಒಂದು ಸೇರಿಸು. ದೀಪದ ಕತೆ ತಪ್ಪು ಅಂದರಾಯ್ತು," ಎಂದಳು.

ಕಾಜಾ ಅಕ್ಕ ಹಳೇ ಬಟ್ಟೆಯ ತುಂಡಿನ ಮೇಲೆ ಸೊಟ್ಟ ಎಲೆ ಹಾಕಲು ಕೂತಳು. ಬರಲಿಲ್ಲ. ಬೇಕೆಂದೇ ಓರೆ ಮಾಡಿದ ಹೊಲಿಗೆ ಬೇಕೆಂದೇ ಓರೆ ಮಾಡಿದಂತೆ ಕಾಣುತ್ತಿತ್ತು, ಮಕ್ಕಳು ಮುದುಕರ ನಡಿಗೆ ಅಣಕಿಸಿದ ಹಾಗೆ. ಎರಡನೆಯ ಎಲೆಗೆ ನಾಚಿಕೆಯಾಗಿ ಕೈಬಿಟ್ಟಳು.

ಅತ್ತೆಗೆ ಊಟ ಮಾಡಿಸುವಾಗ ಅತ್ತೆಯೇ ಕೇಳಿದರು, "ಯಾಕೆ ತುತ್ತು ಸಣ್ಣ ಸಣ್ಣ ಆಗ್ತಿದೆ? ಮನಸ್ಸು ಎಲ್ಲಿದೆ?"

ಹೇಳಿದಳು. ಹೇಳುತ್ತ ಹೇಳುತ್ತ ದನಿ ಏರಿತು. "ನೀವೇ ಕಲಿಸಿದ್ದು. ಸೊಟ್ಟ ಕಂಡ್ರೆ ಬಿಚ್ಚು, ಬಿಚ್ಚು ಅಂತ. ಆವತ್ತೂ ಅದೇ ಅಂದ್ರಿ."

ಅತ್ತೆ ತುತ್ತು ನುಂಗಿದರು. ಮಂಜು ಕಣ್ಣು ಗೋಡೆಯ ಕಡೆಗಿತ್ತು. "ನಾನು ಬಿಚ್ಚಿದ್ದು ನಿನ್ನ ಹೊಲಿಗೆ ಕಣೇ. ನೀನು ಎದುರಿಗೆ ಕೂತಿದ್ದೆ, ಮತ್ತೆ ಹಾಕಿದೆ. ಸತ್ತೋರು ಮತ್ತೆ ಹಾಕ್ತಾರಾ?" ಬೆನ್ನ ಹಿಂದಿನ ದಿಂಬನ್ನು ತಡವಿ, "ಅದೂ ತಪ್ಪೇ ಇರಬಹುದು. ಆ ದಿಂಬಿನ ಚೀಲ ಸೊಟ್ಟ ಇದ್ದಿದ್ರೆ ಯಾರ ತಲೆಗೇನು ಚುಚ್ಚುತ್ತಿತ್ತು," ಎಂದು ನೀರು ಕೇಳಿದರು.

ಅತ್ತೆಯನ್ನು ಬಯ್ದು ಹಗುರಾಗಬಹುದೆಂದು ಅವಳು ಎಣಿಸಿದ್ದಳು. ಹಗುರಾಗಲಿಲ್ಲ. ಅತ್ತೆ ಹೇಳಿದ್ದು ಬಿಚ್ಚು ಎಂದೇ ನಿಜ. ಯಾರ ಹೊಲಿಗೆ ಎಂದು ಅತ್ತೆಗೆ ಹೇಳದೆ ಇದ್ದವಳು ತಾನು.

ಸೋಮವಾರ ಅವಳು ದಿನಕ್ಕಿಂತ ಮುಂಚೆ ಎದ್ದು ತೋಳಿನ ಅಂಚು ಹೊಲಿದು ಮುಗಿಸಿದಳು. ಆಮೇಲೆ ಎಡಗಡೆಯನ್ನು ದೀಪಕ್ಕೆ ಹಿಡಿದಳು. ಇದನ್ನೆಲ್ಲ ಬಿಚ್ಚಿ ಖಾಲಿ ಮಾಡಿಬಿಟ್ಟರೆ? ಖಾಲಿ ಜಾಗವೇ ಎಲ್ಲ ಹೇಳುತ್ತದೆ, ತನ್ನ ಸುಳ್ಳಾದರೂ ಅಂಗಿಯ ಮೇಲೆ ಇರುವುದಿಲ್ಲ. ಬ್ಲೇಡು ಮೊದಲ ಎಲೆಯ ಕೆಳಗೆ ಹೋಯಿತು. ಒಂದು ಎಳೆ ಬಿಗಿಯಾಗಿ ಎದ್ದು ನಿಂತಿತು. ಅಲ್ಲೇ ಕೈ ನಿಂತಿತು. ಮತ್ತೆ ಅದೇ ಅಡುಗೆಮನೆ, ಅದೇ ದೀಪ, ಯಾರದೋ ಅಂಗಿ, ಕೇಳದೆ ನಿರ್ಧರಿಸುತ್ತಿರುವವಳು ಮತ್ತೆ ತಾನೇ. ಅವಳು ಬ್ಲೇಡನ್ನು ಹೊರಗೆಳೆದು ಡಬ್ಬಿಗೆ ಹಾಕಿದಳು. ಅಂಗಿ ಮಡಿಚಿ ಚೀಲದಲ್ಲಿಟ್ಟಳು.

"ಡಬ್ಬಿ?" ಎಂದ ಗಂಡ ಬಾಗಿಲಲ್ಲಿ.

"ಪಾತ್ರೆ ಒಲೆ ಮೇಲಿದೆ, ತುಂಬಿಕೊಳ್ಳಿ. ಅತ್ತೆಯನ್ನ ಬಚ್ಚಲಿಗೆ ಕರೆದೊಯ್ದಾಗಿದೆ. ದಿಂಬು ನೀವೇ ಸರಿ ಮಾಡಿ, ಮೂರು ಸಾರಿಗೆ ಸರಿ ಹೋಗುತ್ತೆ."

ಅವನು ಬಾಯಿ ತೆರೆಯುವಷ್ಟರಲ್ಲಿ ಅವಳು ಬೀದಿಯಲ್ಲಿದ್ದಳು.

ನಿಲ್ದಾಣದಲ್ಲಿ ಮುಂಜಾನೆಯ ಸಾಲು ಬಾಗಿಲವರೆಗೆ ಬೆಳೆದಿತ್ತು. ಅವಳೂ ನಿಂತಳು. ಗಾಜಿನ ಆಚೆ ಟಿಕೆಟ್ ಮೇಡಂ ತಲೆ ಎತ್ತದೆ, "ಎಲ್ಲಿಗೆ?" ಎಂದಳು.

"ನಾನು ಮೇಡಂ."

"ಅಯ್ಯೋ, ಅಕ್ಕಾ! ಸಂಜೆ ನಾನೇ ಬರ್ತಿದ್ದೆನಲ್ಲ. ಆಯ್ತಾ ತೋಳು? ಇಲ್ಲಿ ಕೊಡಿ," ಎಂದು ಗಾಜಿನ ಕಂಡಿಯಿಂದ ಕೈ ಹೊರಗೆ ಚಾಚಿದಳು.

ಚೀಲವನ್ನು ಆ ಕೈಗಿಟ್ಟು ತಿರುಗಿದರೆ ಎಲ್ಲ ಮುಗಿದುಹೋಗುತ್ತಿತ್ತು. ಹಿಂದಿನವನು ಗಂಟಲು ಕೆರೆದು, "ರೈಲು ನಮಗೋಸ್ಕರ ನಿಲ್ಲಲ್ಲಮ್ಮ," ಎಂದ.

"ಕೊಡೋಕ್ಮುಂಚೆ ಒಂದು ಮಾತಿದೆ," ಎಂದಳು ಕಾಜಾ ಅಕ್ಕ. "ಕೇಳಿದ ಮೇಲೆ ತಗೊಳ್ಳೋದೋ ಬೇಡವೋ ನಿಮಗೆ ಬಿಟ್ಟಿದ್ದು. ನಿಮಗೆ ಬಿಡುವಾಗೋವರೆಗೆ ಅಲ್ಲಿ ಕೂತಿರ್ತೀನಿ."

ಟಿಕೆಟ್ ಮೇಡಂಳ ನಗು ಅರ್ಧಕ್ಕೆ ನಿಂತಿತು. "ಒಂಬತ್ತಕ್ಕೆ ಚಹಾ ಬಿಡುವು," ಎಂದಳು ಮೆಲ್ಲಗೆ.

ಒಂಬತ್ತಕ್ಕೆ ಅಂಗಡಿ ತೆರೆಯುತ್ತದೆ. ಇಪ್ಪತ್ತೆರಡು ವರ್ಷದಲ್ಲಿ ಅವಳು ಒಂದು ದಿನವೂ ತಡವಾದವಳಲ್ಲ. ಕಾಜಾ ಅಕ್ಕ ಗೋಡೆಯ ಪಕ್ಕದ ಬೆಂಚಿನಲ್ಲಿ ಚೀಲವನ್ನು ಮಡಿಲಲ್ಲಿಟ್ಟು ಕೂತಳು. ಮೊದಲ ರೈಲು ಬಂದು ಹೋಯಿತು. ನೂಲು ಹಳೇದಾಗಿತ್ತು, ತಾನಾಗಿ ಕಿತ್ತುಬಂತು ಎನ್ನಬಹುದು. ನಿಮಗೆ ಚೆನ್ನಾಗಿರಲಿ ಅಂತ ಮಾಡಿದೆ ಎನ್ನಬಹುದು. ಅತ್ತೆ ಹೇಳಿದರು, ಮಗಳು ಗುಡಿಸಿದಳು ಎನ್ನಬಹುದು. ಒಂದೊಂದೇ ಮಾತು ನಾಲಿಗೆಗೆ ಬಂದು ನಿಂತಿತು, ಒಂದೊಂದನ್ನೇ ಅವಳು ಬೇಡವೆಂದಳು. ಒಂಬತ್ತಾಗುವಾಗ ಅವಳ ಬಳಿ ಎರಡೇ ಪದ ಉಳಿದಿದ್ದವು: ನಾನೇ ಬಿಚ್ಚಿದೆ.

ಗಾಜಿನ ಹಿಂದೆ ಪರದೆ ಇಳಿಯಿತು. ಪಕ್ಕದ ಬಾಗಿಲು ತೆರೆಯುವ ಸದ್ದಿಗೆ ಅವಳು ಎದ್ದು ನಿಂತಳು.